ಹತ್ತನೇ ಸಲವೂ ‘ಶೋಲೆ’: ಸೀಮಾಂತ ತುಷ್ಟಿಗುಣದ ಒಂದು ಪಾಠ



ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಅನುಭೋಗಿಯ ವರ್ತನೆಯ ಬಗ್ಗೆ ಒಂದು ಅಧ್ಯಾಯ ಇದೆ. ಅದರಲ್ಲಿ ಬರುವ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ನಾವೆಲ್ಲ ಪರೀಕ್ಷೆಗಾಗಿ ಓದಿದ್ದೇವೆ. ಇದೇ ನಿಯಮವನ್ನು ಸಿನಿಮಾಗೆ ಹಚ್ಚಿದರೆ ಏನಾಗುತ್ತದೆ ಎಂದು ನೋಡುವುದು ಈ ಲೇಖನದ ಉದ್ದೇಶ. ನಮ್ಮಲ್ಲಿ ಎಲ್ಲರಿಗೂ ಎಷ್ಟು ಸಲ ನೋಡಿದರೂ ಬೇಸರವಾಗದ ಒಂದು ಚಿತ್ರ ಇದ್ದೇ ಇರುತ್ತದೆ. ಹಾಗಾದರೆ ನಮ್ಮ ಪುಸ್ತಕದ ನಿಯಮ ಸುಳ್ಳೇ? ಹಂತ ಹಂತವಾಗಿ ನೋಡೋಣ.

ನಿಯಮ ಏನು ಹೇಳುತ್ತದೆ?

ರಂಜಾನ್ ತಿಂಗಳ ಒಂದು ಸಂಜೆ ತೆಗೆದುಕೊಳ್ಳಿ. ದಿನವಿಡೀ ಉಪವಾಸ ಇದ್ದು ಇಫ್ತಾರ್‌ಗೆ ಕುಳಿತಿದ್ದೇವೆ. ಮೊದಲ ಲೋಟ ಶರಬತ್ತು ಗಂಟಲಿಗೆ ಇಳಿದಾಗ ಸಿಗುವ ಸುಖಕ್ಕೆ 20 ಅಂಕ ಕೊಡೋಣ. ಎರಡನೇ ಲೋಟಕ್ಕೆ 12, ಮೂರನೆಯದಕ್ಕೆ 5, ನಾಲ್ಕನೆಯದಕ್ಕೆ 0. ಯಾರಾದರೂ ಒತ್ತಾಯ ಮಾಡಿ ಐದನೇ ಲೋಟ ಕುಡಿಸಿದರೆ ಹೊಟ್ಟೆ ಭಾರವಾಗಿ ತರಾವೀಹ್‌ಗೆ ನಿಲ್ಲುವುದೇ ಕಷ್ಟ, ಆದ್ದರಿಂದ ಅದಕ್ಕೆ ಮೈನಸ್ 4. ಈ ಅಂಕಗಳು ಕೇವಲ ಊಹೆ. ಆದರೆ ಒಟ್ಟು ಹಾಕಿದಾಗ 20, 32, 37, 37, 33 ಎಂದು ಬರುತ್ತದೆ. ಒಟ್ಟು ತುಷ್ಟಿಗುಣ ಏರುತ್ತಾ ಹೋಗಿ, ಒಂದು ಕಡೆ ನಿಂತು, ಆಮೇಲೆ ಇಳಿಯುತ್ತದೆ. ಪ್ರತಿ ಹೊಸ ಲೋಟ ಸೇರಿಸುವ ಸುಖ ಮಾತ್ರ ಮೊದಲಿನಿಂದಲೂ ಇಳಿಯುತ್ತಲೇ ಇದೆ. ಇದೇ ನಿಯಮ. 1854ರಲ್ಲಿ ಜರ್ಮನಿಯ ಗೊಸೆನ್ ಎಂಬುವರು ಇದನ್ನು ಬರೆದಿಟ್ಟರು. 1890ರಲ್ಲಿ ಇಂಗ್ಲೆಂಡಿನ ಆಲ್‌ಫ್ರೆಡ್ ಮಾರ್ಷಲ್ ತಮ್ಮ ಗ್ರಂಥದಲ್ಲಿ ವಿವರಿಸಿದ ಮೇಲೆ ಇದು ಎಲ್ಲ ಪಠ್ಯಪುಸ್ತಕಗಳಿಗೂ ಬಂತು.

ಲೆಕ್ಕಕ್ಕೆ ಒಗ್ಗದ ಸಿನಿಮಾಗಳು

ಈಗ ಸಿನಿಮಾಗೆ ಬರೋಣ. ನಿಯಮದ ಪ್ರಕಾರ ಒಂದು ಚಿತ್ರವನ್ನು ಎರಡನೇ ಸಲ ನೋಡಿದಾಗ ಸುಖ ಕಡಿಮೆಯಾಗಬೇಕು, ಐದನೇ ಸಲಕ್ಕೆ ತಲೆನೋವು ಬರಬೇಕು. ಆದರೆ ನಡೆದಿರುವುದೇ ಬೇರೆ.

ಡಾ. ರಾಜ್‌ಕುಮಾರ್ ಅವರ ‘ಬಂಗಾರದ ಮನುಷ್ಯ’ 1972ರಲ್ಲಿ ಬಿಡುಗಡೆಯಾಗಿ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆಯಿತು. 1995ರಲ್ಲಿ ಬಂದ ಉಪೇಂದ್ರ ನಿರ್ದೇಶನದ ‘ಓಂ’ ಮತ್ತೆ ಮತ್ತೆ ಬಿಡುಗಡೆಯಾಗುತ್ತಲೇ ಬಂದಿದೆ. ಅದೇ 1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೆಂಗೆ’ ಮುಂಬೈನ ಮರಾಠಾ ಮಂದಿರದಲ್ಲಿ 2014ರ ಡಿಸೆಂಬರ್‌ನಲ್ಲಿ 1000 ವಾರ ಪೂರೈಸಿತು. ಇಷ್ಟು ದಿನ ಒಂದೇ ಚಿತ್ರಮಂದಿರ ತುಂಬಬೇಕಾದರೆ ನೋಡಿದವರೇ ಮತ್ತೆ ಬಂದಿರಲೇಬೇಕು.

ಈ ಪಾಠಕ್ಕೆ ನಾನು ಮುಖ್ಯ ಉದಾಹರಣೆಯಾಗಿ ‘ಶೋಲೆ’ಯನ್ನು ಆರಿಸಿಕೊಂಡಿದ್ದೇನೆ. ಕಾರಣ ಎರಡು. ಅದು ನಮ್ಮ ಮನೆಯಲ್ಲಿ ಅತಿ ಹೆಚ್ಚು ಸಲ ನೋಡಿರುವ ಚಿತ್ರ ಎಂಬುದು ಒಂದು. ಹಿಂದಿ ಚಿತ್ರವಾದರೂ ಅದರ ರಾಮಗಢ ಇರುವುದು ನಮ್ಮ ರಾಜ್ಯದಲ್ಲೇ ಎಂಬುದು ಇನ್ನೊಂದು. ನಿರ್ದೇಶಕ ರಮೇಶ್ ಸಿಪ್ಪಿ 1973ರ ಅಕ್ಟೋಬರ್‌ನಲ್ಲಿ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣ ಆರಂಭಿಸಿದರು. ಕಲಾ ನಿರ್ದೇಶಕ ರಾಮ್ ಯೇಡೇಕರ್ ಅಲ್ಲಿ ಒಂದು ಇಡೀ ಹಳ್ಳಿಯನ್ನೇ ಕಟ್ಟಿದರು. ಚಿತ್ರ ಬಿಡುಗಡೆಯಾದದ್ದು 1975ರ ಆಗಸ್ಟ್ 15ರಂದು. ಮೊದಲ ದಿನಗಳಲ್ಲಿ ಇದು ಸೋಲುತ್ತದೆ ಎಂದು ವ್ಯಾಪಾರ ಬಲ್ಲವರು ಹೇಳಿದ್ದರು. ಆಮೇಲೆ ನೋಡಿದವರ ಬಾಯಿಮಾತಿನಿಂದಲೇ ಜನ ಬಂದರು. ಮುಂಬೈನ ಮಿನರ್ವಾದಲ್ಲಿ ಚಿತ್ರ ಐದು ವರ್ಷ ನಡೆಯಿತು. ಪಾಲಿಡೋರ್ ಕಂಪನಿ ಹಾಡುಗಳ ಜೊತೆಗೆ ಚಿತ್ರದ ಸಂಭಾಷಣೆಗಳ ರೆಕಾರ್ಡನ್ನೂ ಹೊರತಂದಿತು. ಈಗಾಗಲೇ ಕೇಳಿದ ಮಾತನ್ನೇ ಜನ ದುಡ್ಡು ಕೊಟ್ಟು ಮನೆಗೆ ಒಯ್ದರು. ವಾಣಿಜ್ಯ ವಿದ್ಯಾರ್ಥಿಯಾಗಿ ನನಗೆ ಇದು ಬಹಳ ವಿಚಿತ್ರವಾಗಿ ಕಂಡಿತು.

ನಿಯಮದ ಷರತ್ತುಗಳು

ನಿಯಮವನ್ನು ತಳ್ಳಿಹಾಕುವ ಮೊದಲು ಅದರ ಷರತ್ತುಗಳನ್ನು ನೆನಪಿಸಿಕೊಳ್ಳಬೇಕು. ಪರೀಕ್ಷೆಯಲ್ಲಿ ನಾವು ‘ಊಹೆಗಳು’ ಎಂಬ ತಲೆಬರಹದ ಕೆಳಗೆ ಬರೆಯುವುದು ಇವನ್ನೇ.

ಒಂದು, ಎಲ್ಲ ಘಟಕಗಳೂ ಒಂದೇ ರೀತಿ ಇರಬೇಕು.
ಎರಡು, ಅನುಭೋಗ ನಿರಂತರವಾಗಿ ನಡೆಯಬೇಕು, ನಡುವೆ ಅಂತರ ಇರಬಾರದು.
ಮೂರು, ಅನುಭೋಗಿಯ ಅಭಿರುಚಿ ಮತ್ತು ಮನಃಸ್ಥಿತಿ ಬದಲಾಗಬಾರದು.

ನಾಲ್ಕನೇ ಲೋಟ ಶರಬತ್ತನ್ನು ಮಾರನೇ ದಿನದ ಇಫ್ತಾರ್‌ಗೆ ಕುಡಿದರೆ ಅದಕ್ಕೆ ಮತ್ತೆ 20 ಅಂಕ ಸಿಗುತ್ತದೆ. ಇಂದೇ ರಾತ್ರಿ ‘ಶೋಲೆ’ಯನ್ನು ಮುಗಿಸಿದ ಕೂಡಲೇ ಮೊದಲಿನಿಂದ ಮತ್ತೆ ಹಾಕಿದರೆ ಯಾರೂ ಕೂರುವುದಿಲ್ಲ. ಅಂದರೆ ನಿಯಮ ಸರಿಯಾಗಿಯೇ ಇದೆ. ನಾವು ಮತ್ತೆ ನೋಡುವುದು ತಿಂಗಳುಗಳ, ವರ್ಷಗಳ ಅಂತರದ ಮೇಲೆ. ಅಲ್ಲಿಗೆ ಎರಡನೇ ಷರತ್ತು ಮುರಿಯಿತು.

ಆದರೆ ಇದು ಅರ್ಧ ಉತ್ತರ ಮಾತ್ರ. ಅಂತರ ಕೊಟ್ಟರೆ ಸುಖ ಮೊದಲಿನಷ್ಟಾಗಬಹುದು, ಹೆಚ್ಚಾಗುವುದು ಹೇಗೆ? ಕೊಲೆಗಾರ ಯಾರು ಎಂದು ಕೊನೆಯಲ್ಲಿ ತಿಳಿಯುವ ಪತ್ತೇದಾರಿ ಚಿತ್ರಗಳನ್ನು ಎಷ್ಟು ವರ್ಷ ಬಿಟ್ಟು ನೋಡಿದರೂ ಮೊದಲ ಸಲದ ಮಜಾ ಬರುವುದಿಲ್ಲ. ‘ಶೋಲೆ’ಯಲ್ಲಿ ಯಾರು ಸಾಯುತ್ತಾರೆ ಎಂಬುದು ನಮ್ಮ ಓಣಿಯ ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ನೋಡುತ್ತಾರೆ. ಆದ್ದರಿಂದ ಮೂರನೇ ಷರತ್ತನ್ನು ನೋಡಬೇಕು.

ಮಾರ್ಷಲ್ ಕೊಟ್ಟ ಉತ್ತರ

ಈ ಪ್ರಶ್ನೆಯನ್ನು ನಮ್ಮ ಅರ್ಥಶಾಸ್ತ್ರ ಉಪನ್ಯಾಸಕರ ಬಳಿ ಕೇಳಿದಾಗ, ಮಾರ್ಷಲ್ ಅವರೇ ಇದನ್ನು ಯೋಚಿಸಿದ್ದರು ಎಂದು ತಿಳಿಸಿದರು. ಒಳ್ಳೆಯ ಸಂಗೀತವನ್ನು ಕೇಳಿದಷ್ಟೂ ಅದರ ರುಚಿ ಹೆಚ್ಚುತ್ತದೆ, ಇದು ನಿಯಮಕ್ಕೆ ಅಪವಾದವಲ್ಲವೇ ಎಂಬ ಪ್ರಶ್ನೆಗೆ ಮಾರ್ಷಲ್ ಅಲ್ಲ ಎನ್ನುತ್ತಾರೆ. ಅವರ ವಾದದ ಸಾರ ಹೀಗಿದೆ: ನಿಯಮ ಒಂದು ನಿರ್ದಿಷ್ಟ ಸಮಯದ ಒಬ್ಬ ಮನುಷ್ಯನ ಬಗ್ಗೆ ಹೇಳುತ್ತದೆ. ಆ ಮನುಷ್ಯನೇ ಬದಲಾಗಲು ಅದು ಕಾಲಾವಕಾಶ ಕೊಡುವುದಿಲ್ಲ. ಹತ್ತು ವರ್ಷ ಸಂಗೀತ ಕೇಳಿದವನು ಮೊದಲ ದಿನ ಕೇಳಿದವನಲ್ಲ. ಅವನನ್ನು ಹೊಸ ಅನುಭೋಗಿ ಎಂದೇ ಲೆಕ್ಕ ಹಾಕಬೇಕು.

ಈ ಮಾತು ನನಗೆ ಕೂಡಲೇ ಅರ್ಥವಾಯಿತು. ಇದಕ್ಕೆ ಉದಾಹರಣೆ ನಮ್ಮ ಮನೆಯಲ್ಲೇ ಇತ್ತು.

ನಾನಿಯ ಉದಾಹರಣೆ

ನಮ್ಮ ನಾನಿಯ ತವರು ರಾಮನಗರ. ಅವರ ತಂದೆ ರೇಷ್ಮೆ ನೂಲು ತೆಗೆಯುತ್ತಿದ್ದರು. ಚಿತ್ರೀಕರಣ ನಡೆಯುವಾಗ ನಾನಿಗೆ 12 ವರ್ಷ. ಸಿನಿಮಾದವರ ಜೀಪುಗಳು ಧೂಳೆಬ್ಬಿಸಿಕೊಂಡು ಹೋಗುವುದನ್ನು ಮಾತ್ರ ನೋಡಿದ್ದರಂತೆ. ಚಿತ್ರ ಬಂದಾಗ ಮೊದಲ ಸಲ ನೋಡಿದ್ದು ಪರದೆಯ ಮೇಲೆ ತಮ್ಮ ಊರಿನ ಬಂಡೆಗಳನ್ನು ಗುರುತಿಸಲು. ಎರಡನೇ ಸಲ ಗಬ್ಬರ್‌ಗೆ ಹೆದರಲು. ಆಮೇಲಿನ ಲೆಕ್ಕ ಅವರಿಗೇ ಗೊತ್ತಿಲ್ಲ.

ಚಿತ್ರದಲ್ಲಿ ಕಣ್ಣು ಕಾಣದ ಒಬ್ಬ ಇಮಾಮ್ ಸಾಹೇಬರು ಇದ್ದಾರೆ. ಎ.ಕೆ. ಹಂಗಲ್ ಮಾಡಿರುವ ಪಾತ್ರ. ಅವರ ಒಬ್ಬನೇ ಮಗ ಅಹ್ಮದ್‌ಗೆ ಜಬಲ್ಪುರದಲ್ಲಿ ಕೆಲಸ ಸಿಗುತ್ತದೆ. ಅಪ್ಪನನ್ನು ಬಿಟ್ಟು ಹೋಗಲು ಅವನಿಗೆ ಮನಸ್ಸಿಲ್ಲ, ಅಪ್ಪನೇ ಹೋಗು ಎನ್ನುತ್ತಾರೆ. ಹೊರಟ ಹುಡುಗನನ್ನು ಗಬ್ಬರ್ ಕೊಲ್ಲುತ್ತಾನೆ. ಕುದುರೆಯ ಮೇಲೆ ಹೆಣ ಬರುತ್ತದೆ. ಊರಿನವರೆಲ್ಲ ಸೇರಿದ್ದಾರೆ, ಯಾರೂ ಮಾತಾಡುವುದಿಲ್ಲ. ಕೋಲೂರಿಕೊಂಡು ಬಂದ ಇಮಾಮ್ ಸಾಹೇಬರು ಯಾಕೆ ಎಲ್ಲರೂ ಸುಮ್ಮನಿದ್ದೀರಿ ಎಂದು ಕೇಳುತ್ತಾರೆ.

ಮೊದಲೆಲ್ಲ ನಾನಿ ಅಳುತ್ತಿದ್ದದ್ದು ಹೆಣ ಬರುವ ಈ ದೃಶ್ಯದಲ್ಲಿ. ನಮ್ಮ ಮಾಮು ಕೆಲಸಕ್ಕೆಂದು ಸೌದಿಯ ದಮ್ಮಾಮ್‌ಗೆ ಹೋದ ಮೇಲೆ ಅವರು ಅಳುವ ಜಾಗ ಬದಲಾಯಿತು ಎಂದು ಅಮ್ಮಿ ಹೇಳುತ್ತಾರೆ. ಈಗ ನಾನಿ ಅಳುವುದು ಅದಕ್ಕಿಂತ ಮುಂಚೆ, ಅಪ್ಪ ಮಗನಿಗೆ ಹೋಗು ಎಂದು ಹೇಳುವಲ್ಲಿ. ಮಾಮು ಚೆನ್ನಾಗಿದ್ದಾರೆ, ಪ್ರತಿ ಶುಕ್ರವಾರ ಫೋನ್ ಮಾಡುತ್ತಾರೆ. ಆದರೂ ಅಲ್ಲೇ ಅಳುತ್ತಾರೆ.

ಮೂರು ವರ್ಷದಿಂದ ಸಕ್ಕರೆ ಕಾಯಿಲೆಯಿಂದ ನಾನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬೆಳಕು, ನೆರಳು ಮಾತ್ರ ತಿಳಿಯುತ್ತದೆ. ಈಗ ಅವರು ‘ಶೋಲೆ’ಯನ್ನು ಕೇಳುತ್ತಾರೆ. ಸಲೀಂ–ಜಾವೇದ್ ಬರೆದ ಮಾತುಗಳು ಅವರಿಗೆ ಬಾಯಿಪಾಠ. ಆ ಭಾಷೆ ನಮ್ಮ ಮನೆಯ ದಖನಿಯಂತೆ ಅಲ್ಲದಿದ್ದರೂ ಪ್ರತಿ ಪದವೂ ಗೊತ್ತು. ಮಾತಿಲ್ಲದ ಕಡೆ ನಾನು ಹೇಳಬೇಕು. ರಾಧಾ ಹವೇಲಿಯ ದೀಪಗಳನ್ನು ಒಂದೊಂದಾಗಿ ಆರಿಸುವ, ಜೈ ಮೌತ್ ಆರ್ಗನ್ ನುಡಿಸುವ ದೃಶ್ಯದಲ್ಲಿ “ಈಗ ಒಂದು ಆರಿತು, ಇನ್ನೊಂದು ಆರಿತು” ಎಂದು ಹೇಳುತ್ತಾ ಹೋಗುತ್ತೇನೆ. ಈ ದೀಪದ ಎರಡು ಚಿಕ್ಕ ದೃಶ್ಯಗಳಿಗೆ 20 ದಿನ ಹಿಡಿಯಿತಂತೆ. ಸೂರ್ಯ ಮುಳುಗಿ ಕತ್ತಲಾಗುವ ಮುಂಚಿನ ಕೆಲವೇ ನಿಮಿಷದ ಬೆಳಕಿಗಾಗಿ ಕಾದು ಚಿತ್ರೀಕರಿಸಿದ್ದರು. ಮೊದಲ ಸಲ ನೋಡಿದಾಗ ನನಗೆ ಆ ದೃಶ್ಯ ನೆನಪಿನಲ್ಲೇ ಉಳಿದಿರಲಿಲ್ಲ.

ಒಮ್ಮೆ ನಾನಿಗೆ, ಕಣ್ಣು ಕಾಣದೆ ಅದೇ ಚಿತ್ರ ಬೇಸರ ಆಗುವುದಿಲ್ಲವೇ ಎಂದು ಕೇಳಿದೆ. ಇಮಾಮ್ ಸಾಹೇಬರ ದೃಶ್ಯದಲ್ಲಿ ನೋಡುವುದಕ್ಕೆ ಏನೂ ಇಲ್ಲ, ಅಲ್ಲಿನ ಮೌನ ಅವರಿಗೂ ನನಗೂ ಒಂದೇ ರೀತಿ ಕೇಳಿಸುತ್ತದೆ ಎಂದರು. ಆಮೇಲೆ ದಖನಿಯಲ್ಲಿ ಹೇಳಿದರು: “ಪಿಚ್ಚರ್ ವೋಇಚ್ ಹೈ, ಮೈಂ ವೋಇಚ್ ನೈಂ.” ಚಿತ್ರ ಅದೇ, ನಾನು ಅದೇ ಅಲ್ಲ. ನಾನಿ ಶಾಲೆಗೆ ಹೋದದ್ದು ನಾಲ್ಕನೇ ತರಗತಿವರೆಗೆ. ಮಾರ್ಷಲ್ ಹೆಸರನ್ನು ಅವರು ಕೇಳಿಲ್ಲ.

ನೋಡುವುದೂ ಒಂದು ಹೂಡಿಕೆ

ಮಾರ್ಷಲ್ ನಂತರ 1977ರಲ್ಲಿ ಜಾರ್ಜ್ ಸ್ಟಿಗ್ಲರ್ ಮತ್ತು ಗ್ಯಾರಿ ಬೆಕರ್ ಎಂಬ ಇಬ್ಬರು ಅಮೆರಿಕದ ಅರ್ಥಶಾಸ್ತ್ರಜ್ಞರು ಇದನ್ನೇ ಬೇರೆ ರೀತಿ ವಿವರಿಸಿದರು. ಮುಂದೆ ಇಬ್ಬರಿಗೂ ನೊಬೆಲ್ ಬಂತು. ಅಭಿರುಚಿ ಬದಲಾಯಿತು ಎಂದು ಹೇಳಬೇಕಾಗಿಲ್ಲ, ಸಂಗೀತ ಕೇಳುವಾಗಲೇ ಕೇಳುಗನೊಳಗೆ ಒಂದು ರೀತಿಯ ಬಂಡವಾಳ ಸೇರುತ್ತದೆ, ಅದರಿಂದ ಮುಂದಿನ ಸಲ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಸುಖ ಸಿಗುತ್ತದೆ ಎಂಬುದು ಅವರ ವಾದ. ವಾಣಿಜ್ಯ ಓದುವ ನಮಗೆ ಇದು ಸುಲಭ. ಶರಬತ್ತು ಕುಡಿದರೆ ಖರ್ಚು ಮುಗಿಯಿತು. ಒಳ್ಳೆಯ ಚಿತ್ರ ನೋಡಿದರೆ ಒಂದು ಭಾಗ ಖರ್ಚಿನ ಖಾತೆಗೆ, ಒಂದು ಭಾಗ ಬಂಡವಾಳ ಖಾತೆಗೆ ಹೋಗುತ್ತದೆ. ಪತ್ತೇದಾರಿ ಚಿತ್ರದಲ್ಲಿ ಇರುವ ಒಂದೇ ಆಸ್ತಿ ಗುಟ್ಟು, ಅದು ಮೊದಲ ಸಲಕ್ಕೇ ಖರ್ಚಾಗುತ್ತದೆ. ‘ಶೋಲೆ’ಯಂಥ ಚಿತ್ರದಲ್ಲಿ ಕಥೆ ಖರ್ಚಾದರೂ ಮಾತು, ಮೌನ, ಚಿಕ್ಕ ಪಾತ್ರಗಳು ಉಳಿದಿರುತ್ತವೆ.

ವೆಚ್ಚವನ್ನೂ ಬರೆಯಬೇಕು

ಆಸ್ತಿಯ ಕಡೆ ಮಾತ್ರ ಬರೆದರೆ ಜಮಾ ಖರ್ಚು ಸರಿಹೋಗುವುದಿಲ್ಲ. ಮನೆಯಲ್ಲಿ ಮತ್ತೆ ನೋಡಲು ಟಿಕೆಟ್ ಬೇಕಿಲ್ಲ, ಆದರೆ ಅವಕಾಶ ವೆಚ್ಚ ಇದೆ. ‘ಶೋಲೆ’ ಮೂರು ಗಂಟೆಗೂ ಹೆಚ್ಚು. ಅಷ್ಟು ಹೊತ್ತಿನಲ್ಲಿ ಪಾಲುದಾರಿಕೆ ಲೆಕ್ಕಗಳ ಒಂದು ಅಧ್ಯಾಯವನ್ನೇ ಪುನರಾವರ್ತನೆ ಮಾಡಬಹುದು. ಆದ್ದರಿಂದ ಪರೀಕ್ಷೆಯ ಹಿಂದಿನ ವಾರ ಈ ಲೇಖನವನ್ನು ತೋರಿಸಿ ಟಿವಿ ಮುಂದೆ ಕೂರಬೇಡಿ.

ನನಗೆ ಈ ವೆಚ್ಚ ಬೇರೆ ರೀತಿಯಲ್ಲೂ ಅರ್ಥವಾಗಿದೆ. ಪಿಯುಸಿ ಮುಗಿದ ಮೇಲೆ ಬಿ.ಕಾಂ. ಜೊತೆಗೆ ಸಿ.ಎ. ತಯಾರಿಗೆ ಬೆಂಗಳೂರಿನ ಹಾಸ್ಟೆಲ್‌ಗೆ ಹೋಗಬೇಕೆಂದು ಮನೆಯಲ್ಲಿ ಮಾತು ನಡೆದಿದೆ. ಮೊದಲು ಹೋಗು ಎಂದವರು ನಾನಿಯೇ. ಕಳೆದ ತಿಂಗಳು ಚಿತ್ರ ಹಾಕಿದ್ದಾಗ ಅಹ್ಮದ್ ಹೊರಡುವ ದೃಶ್ಯ ಬಂತು. “ಹುಡುಗನ ಮುಖ ಹೇಗಿದೆ?” ಎಂದು ನಾನಿ ಕೇಳಿದರು. ಇಷ್ಟು ಸಲ ನೋಡಿದರೂ ಆವರೆಗೆ ನಾನು ನೋಡುತ್ತಿದ್ದದ್ದು ಅಪ್ಪನ ಮುಖವನ್ನೇ. ಅಂದು ಮಗನ ಮುಖ ನೋಡಿದೆ. ಹೋಗಬೇಕೆಂಬ ಆಸೆಯೂ ಇದೆ, ಹೋಗಲಾರದ ಸಂಕಟವೂ ಇದೆ ಎಂದು ಹೇಳಿದೆ. ನಾನಿ ತಲೆಯಾಡಿಸಿದರು. ಹಾಸ್ಟೆಲ್ ಅರ್ಜಿಯನ್ನು ನಾನು ಇನ್ನೂ ತುಂಬಿಲ್ಲ. ನಾನು ಹೋದರೆ ದೀಪ ಆರುವುದನ್ನು ಹೇಳುವವರು ಯಾರು ಎಂಬುದನ್ನು ಯಾವ ಖಾತೆಯಲ್ಲಿ ಬರೆಯಬೇಕೋ ಪುಸ್ತಕದಲ್ಲಿಲ್ಲ.

ಪಾಠದ ಸಾರಾಂಶ

1. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಸುಳ್ಳಲ್ಲ. ಒಂದೇ ಸಮಯದಲ್ಲಿ, ಒಂದೇ ಮನಃಸ್ಥಿತಿಯಲ್ಲಿರುವ ಅನುಭೋಗಿಗೆ ಅದು ಅನ್ವಯಿಸುತ್ತದೆ.
2. ಮತ್ತೆ ಮತ್ತೆ ನೋಡುವ ಚಿತ್ರಗಳಲ್ಲಿ ಕಾಲದ ಅಂತರ ಇರುತ್ತದೆ, ನೋಡುವವರೂ ಬದಲಾಗಿರುತ್ತಾರೆ.
3. ಗುಟ್ಟನ್ನೇ ನಂಬಿದ ಚಿತ್ರ ಒಮ್ಮೆಗೆ ಖರ್ಚಾಗುತ್ತದೆ. ಮನುಷ್ಯರನ್ನು ನಂಬಿದ ಚಿತ್ರ ಬಂಡವಾಳವಾಗಿ ಉಳಿಯುತ್ತದೆ.
4. ಪ್ರತಿ ನೋಟಕ್ಕೂ ಅವಕಾಶ ವೆಚ್ಚ ಇದೆ.

ಅಭ್ಯಾಸ

ನಿಮ್ಮ ಮನೆಯಲ್ಲಿ ಹೆಚ್ಚು ಸಲ ನೋಡಿರುವ ಒಂದು ಚಿತ್ರದ ಹೆಸರು ಬರೆಯಿರಿ. ಮನೆಯ ಹಿರಿಯರೊಬ್ಬರನ್ನು ಎರಡು ಪ್ರಶ್ನೆ ಕೇಳಿ: ಮೊದಲ ಸಲ ನೋಡಿದಾಗ ಯಾವ ದೃಶ್ಯ ಇಷ್ಟವಾಗಿತ್ತು? ಈಗ ಯಾವುದು ಇಷ್ಟ? ಎರಡು ಉತ್ತರಗಳೂ ಬೇರೆಯಾಗಿದ್ದರೆ, ನಡುವೆ ಅವರ ಜೀವನದಲ್ಲಿ ಏನಾಯಿತು ಎಂದು ಕೇಳಿ. ಇದಕ್ಕೆ ಅಂಕಗಳಿಲ್ಲ. ಉತ್ತರವನ್ನು ಬರೆದುಕೊಳ್ಳುವ ಆತುರ ಬೇಡ, ಅವರು ಹೇಳಿ ಮುಗಿಸುವವರೆಗೆ ಕೇಳಿ.