ಅನಿಮೆ ನೋಡುವ ತಮ್ಮನಿಗೆ

ಮಾಳಮಡ್ಡಿ, ಧಾರವಾಡ

ಚಿರಂಜೀವಿ ಮೊಮ್ಮಗನಿಗೆ,

ಹುಬ್ಬಳ್ಳಿಯ ವಿದ್ಯಾನಗರದ ಕೋಣೆಯಲ್ಲಿ ಗೆಳೆಯರು ಕೂಡಿ ನೋಡಿದ ಜಪಾನೀ ಅನಿಮೆಗಳ ಯಾದಿಯನ್ನೂ, ಒಂದೊಂದರ ಮುಂದೆ ‘ಪಾತ್ರಗಳ ಬೆಳವಣಿಗೆ’, ‘ನಿರ್ದೇಶನದ ಶೈಲಿ’ ಎಂಬ ಎರಡು ಅಂಕಣಗಳಲ್ಲಿ ನೀವು ಹತ್ತಕ್ಕೆ ಇಷ್ಟೆಂದು ಕೊಟ್ಟ ಗುಣಾಂಕಗಳನ್ನೂ ಕಳಿಸಿ, ಇವುಗಳಲ್ಲಿ ಕೆಲವನ್ನಾದರೂ ನೋಡಿ ಅಭಿಪ್ರಾಯ ಬರೆಯಲೇಬೇಕೆಂದು ನೀನು ಹಟ ಹಿಡಿದುದರಿಂದ, ನಾನೂ ನಿನ್ನ ಅಜ್ಜಿಯೂ ಈ ಮಳೆಗಾಲದ ಸಂಜೆಗಳನ್ನು ಅದಕ್ಕೇ ಮೀಸಲಿಟ್ಟೆವು. ಆಯುಷ್ಯದ ಬಹುಭಾಗವನ್ನು ಉತ್ತರಪತ್ರಿಕೆಗಳ ಮೇಲೆ ಅಂಕ ಬರೆಯುವುದರಲ್ಲೇ ಕಳೆದ ಮಾಸ್ತರನಿಗೆ, ಅಂಕ ಕೊಡುವುದು ತಪ್ಪೆಂದು ಹೇಳುವ ಅಧಿಕಾರ ಎಲ್ಲಿಂದ ಬರಬೇಕು? ಆದರೆ ಪಾತ್ರವನ್ನು ಒಂದು ಕಡೆಗೂ ನಿರ್ದೇಶನವನ್ನು ಇನ್ನೊಂದು ಕಡೆಗೂ ಬಿಡಿಸಿಟ್ಟು ತೂಗಿದ್ದೀರಲ್ಲ, ಅಲ್ಲಿ ನನ್ನ ತಕರಾರಿದೆ. ಯಾವ ಕ್ಷಣದಲ್ಲಿ, ಎಷ್ಟು ದೂರದಿಂದ, ಎಷ್ಟು ಹೊತ್ತಿನವರೆಗೆ ಒಬ್ಬ ವ್ಯಕ್ತಿಯನ್ನು ನೋಡಲು ನಿರ್ದೇಶಕನು ನಮಗೆ ಅವಕಾಶ ಕೊಡುವನೋ ಅಷ್ಟರ ಮಟ್ಟಿಗೆ ಮಾತ್ರ ಆ ವ್ಯಕ್ತಿ ನಮಗೆ ಪರಿಚಿತನಾಗುತ್ತಾನೆ. ಆದುದರಿಂದ ನೀವು ಪಾತ್ರದ ಬೆಳವಣಿಗೆಯೆಂದು ಕರೆದುದರಲ್ಲಿ ಎಷ್ಟು ಭಾಗ ಪಾತ್ರದಲ್ಲಿ ನಡೆದದ್ದು, ಎಷ್ಟು ಭಾಗ ನೋಡುವ ನಮ್ಮಲ್ಲಿ ನಡೆದದ್ದು ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ.

‘ವಿನ್‌ಲ್ಯಾಂಡ್ ಸಾಗಾ’ವನ್ನೇ ತೆಗೆದುಕೋ. 2019ರ ಮೊದಲ ಭಾಗಕ್ಕೆ ಒಂಬತ್ತು ಅಂಕ ಕೊಟ್ಟವರು 2023ರ ಎರಡನೆಯ ಭಾಗಕ್ಕೆ ಆರು ಕೊಟ್ಟು, ‘ಇದರಲ್ಲಿ ಏನೂ ನಡೆಯುವುದಿಲ್ಲ’ ಎಂದು ಷರಾ ಬರೆದಿದ್ದೀರಿ. ಎರಡಕ್ಕೂ ನಿರ್ದೇಶಕನೊಬ್ಬನೇ, ಶೂಹೆಯಿ ಯಾಬುತಾ. ಎರಡಕ್ಕೂ ಕಂತುಗಳು ಇಪ್ಪತ್ತನಾಲ್ಕು. ತಂದೆಯನ್ನು ಕೊಂದ ಆಸ್ಕೆಲಾಡನ ತಂಡದಲ್ಲಿಯೇ ಇದ್ದುಕೊಂಡು, ಅವನೊಡನೆ ದ್ವಂದ್ವಯುದ್ಧ ಮಾಡುವ ಹಕ್ಕನ್ನು ಗಳಿಸುವುದಕ್ಕಾಗಿ ಅವನದೇ ಕೊಲೆಗೆಲಸಗಳನ್ನು ಮಾಡುತ್ತ ಬೆಳೆದ ಥಾರ್ಫಿನ್, ಆ ಸೇಡಿನ ವಸ್ತುವೇ ಇನ್ನೊಬ್ಬನ ಕೈಯಿಂದ ಹತವಾಗಿಹೋದಾಗ ಬರಿದಾಗಿ ನಿಲ್ಲುತ್ತಾನಷ್ಟೆ. ಎರಡನೆಯ ಭಾಗದಲ್ಲಿ ಅವನು ಡೆನ್ಮಾರ್ಕಿನ ಜಮೀನುದಾರನೊಬ್ಬನ ಗುಲಾಮ. ಐನಾರ್ ಎಂಬ ಜೊತೆಗಾರನೊಡನೆ ಕಾಡು ಕಡಿದು, ಬೇರು ಕಿತ್ತು, ಗೋದಿ ಬಿತ್ತುತ್ತಾನೆ. ಹಿಂದೆ ನಮ್ಮ ಕಣ್ಣಿಗೆ ನಿಲುಕದ ವೇಗದಲ್ಲಿ ಕತ್ತಿಯನ್ನು ತೋರಿಸಿದ್ದ ಅದೇ ನಿರ್ದೇಶಕ, ಇಲ್ಲಿ ಒಂದು ಬೊಡ್ಡೆಯನ್ನು ಕೀಳುವ ಕೆಲಸಕ್ಕೆ ಯುದ್ಧಕ್ಕೆ ಕೊಟ್ಟಷ್ಟೇ ಹೊತ್ತು ಕೊಡುತ್ತಾನೆ. ಕೊಂದ ಕೈಗೆ ಮೊಳಕೆಯೊಂದು ಆಶ್ಚರ್ಯವಾಗಿ ಕಾಣಬೇಕಾದರೆ, ಆ ಮೊಳಕೆಗಾಗಿ ಕಾಯುವ ಬೇಸರವನ್ನು ಪ್ರೇಕ್ಷಕನೂ ಅನುಭವಿಸಲೇಬೇಕು. ನಿಮಗೆ ಆ ಕಂತುಗಳಲ್ಲಿ ಬೇಸರವಾದದ್ದು ನಿರ್ದೇಶಕನ ಸೋಲೆಂದು ನನಗೆ ತೋರುವುದಿಲ್ಲ. ನವಲಗುಂದದ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನಿನ್ನ ಅಜ್ಜಿಯಂತೂ ಮೊದಲ ಭಾಗದ ರಕ್ತಪಾತವನ್ನು ಕಂಡು ಎದ್ದುಹೋದವಳು, ಎರಡನೆಯದಕ್ಕೆ ಮರಳಿ ಬಂದು ಕುಳಿತು, ಜಮೀನುದಾರನ ಆಳುಗಳು ಆ ಪೈರನ್ನು ಕಿತ್ತೆಸೆದ ಕಂತಿನಲ್ಲಿ ಅವರಿಗೆ ಶಾಪ ಹಾಕಿದಳು. ಅವಳು ಅಂಕ ಕೊಟ್ಟಿದ್ದರೆ ನಿಮ್ಮ ಪಟ್ಟಿ ತಲೆಕೆಳಗಾಗುತ್ತಿತ್ತು.

ಥಾರ್ಫಿನ್ನನದು ನಿಜವಾದ ಪರಿವರ್ತನೆ. ಅದನ್ನು ಬೆಳವಣಿಗೆಯೆಂದು ನೀವು ಕರೆಯುವುದು ಸರಿ. ಆದರೆ ‘ಫ್ರೀರೆನ್’ ಮಾಲೆಯ ನಾಯಿಕೆ ಮೊದಲಿನಿಂದ ಕೊನೆಯವರೆಗೆ ಇದ್ದಂತೆಯೇ ಇರುವಳೆಂದು ಅದಕ್ಕೆ ಕಡಿಮೆ ಅಂಕ ಕೊಟ್ಟಿರುವುದನ್ನು ನಾನು ಒಪ್ಪಲಾರೆ. ಕೆಯಿಚಿರೊ ಸೈತೊ ನಿರ್ದೇಶಿಸಿದ, ಇಪ್ಪತ್ತೆಂಟು ಕಂತುಗಳ ಇದರ ಮೊದಲ ಭಾಗ ಜಪಾನಿನ ದೂರದರ್ಶನದಲ್ಲಿ 2023ರ ಸಪ್ಟೆಂಬರ 29ರಂದು ಮೊದಲಾಯಿತು. ಮೊದಲ ನಾಲ್ಕು ಕಂತುಗಳನ್ನು ಒಂದೇ ಚಲಚ್ಚಿತ್ರದಂತೆ ಕೂಡಿಸಿ ತೋರಿಸಿದರು; ಹಾಗೆ ತೋರಿಸಿದ್ದು ಸೂಕ್ತವೂ ಆಗಿತ್ತು. ಸಹಸ್ರ ವರ್ಷಗಳಿಗೂ ಮೀರಿ ಬದುಕಿದ ಈ ಮಾಯಾವಿನಿಗೆ, ರಾಕ್ಷಸರಾಜನನ್ನು ಗೆಲ್ಲಲು ಹಿಮ್ಮೆಲನೆಂಬ ವೀರನ ಜೊತೆಗೆ ನಡೆದ ಹತ್ತು ವರ್ಷಗಳು ಒಂದು ಅಲ್ಪಾವಧಿ. ಐವತ್ತು ವರ್ಷಗಳಿಗೊಮ್ಮೆ ಬೀಳುವ ಉಲ್ಕಾವೃಷ್ಟಿಯನ್ನು ಮತ್ತೆ ಕೂಡಿ ನೋಡೋಣವೆಂದು ಮಾತು ಕೊಟ್ಟು ಹೋದವಳು ಕೊಟ್ಟ ಮಾತಿನಂತೆಯೇ ಬರುತ್ತಾಳೆ. ನಡುವಿನ ಅರ್ಧ ಶತಮಾನ ಅವಳಿಗೆ ಹೇಗೋ ನಮಗೂ ಹಾಗೆಯೇ ಕೆಲವೇ ದೃಶ್ಯಗಳಲ್ಲಿ ಜಾರಿಹೋಗಿರುತ್ತದೆ. ಎದುರಿಗೆ ನಿಂತವನು ಬಿಳಿಗಡ್ಡದ ಕುಳ್ಳ ಮುದುಕ. ಅನಂತರ ಸ್ವಲ್ಪ ಕಾಲದಲ್ಲೇ ಅವನ ಶವಸಂಸ್ಕಾರ. ಆಗ ಅವಳು, ಹತ್ತು ವರ್ಷ ಜೊತೆಗಿದ್ದೂ ಈ ಮನುಷ್ಯನನ್ನು ತಿಳಿದುಕೊಳ್ಳಲು ತಾನು ಯತ್ನಿಸಲೇ ಇಲ್ಲವೆಂದು ಅಳುತ್ತಾಳೆ.

ಅಲ್ಲಿಂದಾಚೆಗೆ ಸೈತೊ ತನ್ನ ಕಾಲಮಾನವನ್ನೇ ಬದಲಿಸುವನು. ಹಿಮ್ಮೆಲನ ಊರಿನ ಹೂವೊಂದನ್ನು ಅವನ ಪ್ರತಿಮೆಯ ಸುತ್ತ ನೆಡಬೇಕೆಂದು ಅವಳು ತಿಂಗಳುಗಟ್ಟಲೆ ಹುಡುಕುವುದು, ಹೊಸ ವರ್ಷದ ಸೂರ್ಯೋದಯವನ್ನು ನೋಡಲು ಶಿಷ್ಯೆ ಫೆರ್ನಳು ಅವಳನ್ನು ಹಾಸಿಗೆಯಿಂದ ಎಬ್ಬಿಸಿ ಎಳೆದುಕೊಂಡು ಹೋಗುವುದು, ಇಂಥ ಸಾಮಾನ್ಯ ಸಂಗತಿಗಳು ವಿಸ್ತಾರವಾಗಿ ಬರುತ್ತವೆ; ಆ ಸೂರ್ಯೋದಯದಲ್ಲಿ ಫ್ರೀರೆನ್‌ಗೆ ಆನಂದವಾಗುವುದು ಸೂರ್ಯನನ್ನು ಕಂಡಾಗಲ್ಲ, ಪಕ್ಕದಲ್ಲಿದ್ದ ಫೆರ್ನಳ ಮುಖವನ್ನು ಕಂಡಾಗ. ಇನ್ನು ಪದೇ ಪದೇ ಬರುವ ಪೂರ್ವಸ್ಮೃತಿಗಳಿವೆಯಲ್ಲ, ಅವು ಅದೇ ಹತ್ತು ವರ್ಷಗಳ ತುಣುಕುಗಳು. ಪ್ರತಿಯೊಂದರಲ್ಲಿಯೂ ಹಿಮ್ಮೆಲನ ಒಂದು ಮಾತು, ಒಂದು ಚೇಷ್ಟೆ, ಒಂದು ಮೌನ ಹೊಸ ಅರ್ಥವನ್ನು ತಾಳುತ್ತದೆ. ತಮ್ಮಾ, ಮೊದಲನೆಯ ಕಂತಿನಲ್ಲಿಯೇ ಸತ್ತುಹೋದವನು ಉಳಿದ ಇಪ್ಪತ್ತೇಳು ಕಂತುಗಳುದ್ದಕ್ಕೂ ಬೆಳೆಯುತ್ತಲೇ ಹೋಗುವುದನ್ನು ನೀವು ನಿಮ್ಮ ಯಾವ ಅಂಕಣದಲ್ಲಿ ಬರೆದುಕೊಳ್ಳುವಿರಿ? ನನ್ನ ವಯಸ್ಸಿಗೆ ಬಂದವರಿಗೆ ಇದು ಅತಿ ಸಹಜವಾದ ಅನುಭವ. ನಿನ್ನ ವಯಸ್ಸಿನವರಿಗೆ ಅದನ್ನು ತಿಳಿಸಿಕೊಡುವ ಸಾಮರ್ಥ್ಯ ಒಂದು ಅನಿಮೆಗೆ ಇರುವುದಾದರೆ ಅದು ಸಣ್ಣ ಸಾಧನೆಯಲ್ಲ.

ಬೆಳವಣಿಗೆ ಗ್ರಹಿಸುವವನಲ್ಲಿ ನಡೆಯುತ್ತದೆಂಬ ಈ ತತ್ತ್ವ ನಮ್ಮ ಊರಿನವರಿಗೆ ಸಂಗೀತದ ಮೂಲಕ ಅಪರಿಚಿತವೇನೂ ಅಲ್ಲ. ಗಂಗೂಬಾಯಿ ಹಾನಗಲ್ಲರು ಕುಂದಗೋಳದ ಸವಾಯಿ ಗಂಧರ್ವರಿಂದ ಪಡೆದ ಕಿರಾನಾ ಘರಾಣೆಯ ರೀತಿಯಲ್ಲಿ, ಒಂದೊಂದು ಸ್ವರದ ಬಳಿಯೂ ನಿಂತು ಅದಕ್ಕೆ ಸಲ್ಲಬೇಕಾದುದನ್ನೆಲ್ಲ ಸಲ್ಲಿಸಿ ಮುಂದಿನ ಸ್ವರಕ್ಕೆ ಹೋಗುತ್ತಿದ್ದರು. ಮಲ್ಲಿಕಾರ್ಜುನ ಮನಸೂರರು ಮಂಜಿಖಾನ, ಬುರ್ಜಿಖಾನರಿಂದ ಕಲಿತ ಜೈಪುರ-ಅತ್ರೌಳಿಯ ಮಾರ್ಗದಲ್ಲಿ ಪೀಠಿಕೆಯನ್ನು ಬೆಳೆಸದೆ ಚೀಜನ್ನು, ಎಂದರೆ ರಾಗದ ರಚನೆಯನ್ನು, ಎತ್ತಿಕೊಂಡು, ಲಯದೊಳಗೆ ಹೆಣೆಹೆಣೆದು ರಾಗದ ಮೈಯನ್ನು ತೋರಿಸುತ್ತಿದ್ದರು. ರಾಗವು ಆರಂಭದಲ್ಲಿ ಏನಿತ್ತೋ ಮುಕ್ತಾಯದಲ್ಲಿಯೂ ಅದೇ. ಕೇಳುವವನಿಗೆ ಮಾತ್ರ ಅದು ಬೆಳೆದಂತೆ ಭಾಸವಾಗುತ್ತದೆ, ಮತ್ತು ಗಾಯಕನು ಬದಲಾದರೆ ಬೆಳೆದ ಬಗೆಯೂ ಬದಲಾಗುತ್ತದೆ.

ಶೈಲಿಯ ವಿಷಯಕ್ಕೆ ಬಂದಾಗ ನೀವು ‘ಚಿತ್ರಗಳು ಚಂದ, ಹೊಡೆದಾಟ ಅದ್ಭುತ’ ಎಂದಷ್ಟಕ್ಕೇ ನಿಲ್ಲುತ್ತೀರಿ. ಶೈಲಿಗೆ ಮೂಲ ಎಷ್ಟೋ ವೇಳೆ ಬಡತನವೇ ಆಗಿರುತ್ತದೆ. ಚಲಚ್ಚಿತ್ರದ ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕಟ್ಟುಗಳು. ಅಷ್ಟಕ್ಕೂ ಹೊಸ ಚಿತ್ರ ಬರೆಯಲು ವಾರಕ್ಕೊಂದು ಕಂತು ಒಪ್ಪಿಸಬೇಕಾದವರಿಗೆ ಹಣವೂ ಇರಲಿಲ್ಲ, ವೇಳೆಯೂ ಇರಲಿಲ್ಲ. 1963ರ ಜನವರಿ 1ರಂದು ಪ್ರಾರಂಭವಾದ ‘ತೆತ್ಸುವಾನ್ ಆಟೊಮು’ ಎಂಬ ದೂರದರ್ಶನ ಮಾಲೆಯಲ್ಲಿ ಒಸಾಮು ತೆಝುಕಾ, ಒಂದೊಂದು ಚಿತ್ರವನ್ನು ಮೂರು ಮೂರು ಚೌಕಟ್ಟುಗಳಷ್ಟು ಹೊತ್ತು ನಿಲ್ಲಿಸಿ, ಮುಖವನ್ನು ಸ್ಥಿರವಾಗಿಟ್ಟು ಬಾಯಿಯೊಂದನ್ನೇ ಆಡಿಸಿ, ಒಮ್ಮೆ ಬರೆದುದನ್ನೇ ಮತ್ತೆ ಬಳಸಿ ಕಾರ್ಯ ಸಾಧಿಸಿದನು. ಈ ಮಿತವ್ಯಯವೇ ಮುಂದಿನವರ ಕೈಯಲ್ಲಿ ಸೌಂದರ್ಯವಾಯಿತು: ಅಲುಗಾಡದ ಮುಖ, ಬರಿದಾದ ಆಕಾಶ, ಮಾತು ನಿಂತ ಮೇಲೂ ಮುಂದುವರಿಯುವ ನಿಶ್ಚಲಚಿತ್ರ. ನೀವು ಇಂಥ ಸ್ಥಳಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುತ್ತೀರೆಂದು ನೀನೇ ಬರೆದಿದ್ದೀ. ಹಾಗೆ ಮಾಡಬೇಡ. ನಿರ್ದೇಶಕನು ಲೆಕ್ಕ ಹಾಕಿ ಕೊಟ್ಟ ಕಾಲವನ್ನು ಕಸಿದುಕೊಂಡ ಮೇಲೆ ಅವನ ಶೈಲಿಗೆ ಅಂಕ ಕೊಡುವ ನ್ಯಾಯವೆಲ್ಲಿ ಉಳಿಯಿತು? ಕಂತಿನ ಕೊನೆಗೆ ಬರುವ ಹೆಸರುಗಳನ್ನೂ ದಾಟಿಸಬೇಡ. ಮಾಲೆಗೆ ಒಬ್ಬ ಮುಖ್ಯ ನಿರ್ದೇಶಕನಿದ್ದರೂ ಒಂದೊಂದು ಕಂತಿಗೆ ಬೇರೆ ಕಂತುನಿರ್ದೇಶಕ, ಬೇರೆ ಸ್ಟೋರಿಬೋರ್ಡಿನವನು ಇರುವುದು ಅಲ್ಲಿಯ ಪದ್ಧತಿಯಾದುದರಿಂದ, ಒಂದು ಕಂತು ಮಿಕ್ಕವುಗಳಿಗಿಂತ ಭಿನ್ನವಾಗಿ ಕಂಡರೆ ಕಾರಣ ಆ ಹೆಸರುಗಳಲ್ಲಿರುತ್ತದೆ.

ಇಸಾವೊ ತಕಾಹಾತಾನ ‘ಕಗುಯಾ ರಾಜಕುಮಾರಿಯ ಕಥೆ’ ನಿನ್ನ ಯಾದಿಯಲ್ಲಿ ಇರಲೇ ಇಲ್ಲ. ಅದನ್ನು ನಾನಾಗಿ ಹುಡುಕಿ ನೋಡಿದೆ. 2013ರಲ್ಲಿ ಬಿಡುಗಡೆಯಾದ ಈ ಚಿತ್ರಕ್ಕೆ ಎಂಟು ವರ್ಷ ಹಿಡಿಯಿತು. ಇನ್ನೊಬ್ಬ ಜಪಾನೀ ನಿರ್ದೇಶಕ ಮಿಯಾಝಾಕಿಯಂತೆ ತಾನೇ ಕುಂಚ ಹಿಡಿದು ಬರೆಯಬಲ್ಲ ಚಿತ್ರಕಾರ ತಕಾಹಾತಾ ಅಲ್ಲ; ಪರರ ಕೈಗಳಿಂದ ತನ್ನ ಮನಸ್ಸಿನ ಗೆರೆಯನ್ನು ಎಳೆಸಬೇಕಾದವನು. ಬಿದಿರಿನಲ್ಲಿ ಹುಟ್ಟಿ ಕಾಡಿನ ಮಕ್ಕಳೊಡನೆ ಆಡಿ ಬೆಳೆದ ಹುಡುಗಿಯನ್ನು ಸಾಕುತಂದೆ ರಾಜಧಾನಿಗೆ ಕರೆತಂದು, ನಾಮಕರಣದ ಔತಣವಿಟ್ಟು, ತೆರೆಯ ಮರೆಯಲ್ಲಿ ಕೂಡಿಸಿರುವಾಗ, ಹೊರಗೆ ಕುಡಿದ ಅತಿಥಿಗಳು ಆಡುವ ಹಗುರ ಮಾತುಗಳು ಅವಳ ಕಿವಿಗೆ ಬೀಳುತ್ತವೆ. ಅವಳು ಎದ್ದು ಓಡುತ್ತಾಳೆ. ಅಷ್ಟು ಹೊತ್ತು ತಿಳಿಬಣ್ಣದಲ್ಲಿ ಮೃದುವಾಗಿದ್ದ ಚಿತ್ರವು ಆ ಓಟದಲ್ಲಿ ಒಡೆದು, ಬರಿಯ ಇದ್ದಿಲಿನ ಗೀಚಾಗಿ, ಮುಖ ಯಾವುದು ಉಡುಪು ಯಾವುದು ಕಾಡು ಯಾವುದು ಎಂಬ ಮೇರೆಗಳೇ ಅಳಿಸಿಹೋಗುವಷ್ಟು ಉಗ್ರವಾಗುತ್ತದೆ. ಅವಳ ಕೋಪವನ್ನು ಅಲ್ಲಿ ಯಾರೂ ಮಾತಿನಲ್ಲಿ ಹೇಳುವುದಿಲ್ಲ, ಗೆರೆಯೇ ಕೋಪಗೊಂಡಿದೆ. ಪಾತ್ರಕ್ಕೆಷ್ಟು, ನಿರ್ದೇಶನಕ್ಕೆಷ್ಟು ಎಂದು ಆ ಒಂದು ನಿಮಿಷವನ್ನು ಹೋಳು ಮಾಡಿ ತೋರಿಸು ನೋಡೋಣ! ಮಿಯಾಝಾಕಿಯದು ಬೇರೆ ದಾರಿ. 2001ರ ‘ಸ್ಪಿರಿಟೆಡ್ ಅವೇ’ಯಲ್ಲಿ ಹತ್ತು ವರ್ಷದ ಚಿಹಿರೊ ಕುಲುಮೆಯ ಕೋಣೆಗೆ ಇಳಿಯುವ ಮೆಟ್ಟಿಲುಗಳ ಮೇಲೆ ಮೊದಲು ಕುಳಿತು ಕುಳಿತು, ಅಂಜಿ ಅಂಜಿ ಕಾಲಿಡುವಳು, ಅವಳೇ ಮುಂದೆ ಗೆಳೆಯನನ್ನುಳಿಸಲು ಗೋಡೆಗಂಟಿದ ಕೊಳವೆಯೊಂದರ ಮೇಲೆ ಓಡಿಬಿಡುತ್ತಾಳೆ. ಅವನು ಸ್ವಭಾವವನ್ನು ಮೈಯ ಚಲನೆಯಲ್ಲಿ ಹಿಡಿಯುವವನು. ನನ್ನ ಒಲವು ತಕಾಹಾತಾನ ಕಡೆಗಿದೆ, ನಿನ್ನದು ಹಾಗಿರಬೇಕಾಗಿಲ್ಲ.

ಜಪಾನನ್ನು ನಮ್ಮ ಕನ್ನಡ ಚಿತ್ರದೊಳಕ್ಕೆ ತಂದ ಕೀರ್ತಿ ಧಾರವಾಡದಲ್ಲಿ ಬೆಳೆದು ಕರ್ನಾಟಕ ಕಾಲೇಜಿನಲ್ಲಿ ಕಲಿತವನೊಬ್ಬನದೇ ಎಂಬುದು ನಿಮಗಾರಿಗೂ ನೆನಪಿದ್ದಂತಿಲ್ಲ. ಗಿರೀಶ ಕಾರ್ನಾಡರ 1978ರ ‘ಒಂದಾನೊಂದು ಕಾಲದಲ್ಲಿ’ ಅಕಿರಾ ಕುರೊಸಾವಾನ ಸಮುರಾಯಿ ಚಿತ್ರಗಳಿಂದ ಪ್ರೇರಣೆ ಪಡೆದದ್ದು. ಶಂಕರನಾಗರು ಬೆಳಕಿಗೆ ಬಂದದ್ದು ಅದರಿಂದಲೇ. ಆದರೆ ನೀನು ಮೊದಲು ನೋಡತಕ್ಕದ್ದು ಕಾರ್ನಾಡರ 1973ರ ‘ಕಾಡು’. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನಾಧರಿಸಿದ ಆ ಚಿತ್ರದಲ್ಲಿ, ದೊಡ್ಡವರ ಕಾಮ, ಮತ್ಸರ, ಊರು-ಊರುಗಳ ವೈರ ಎಲ್ಲವೂ ಕಿಟ್ಟಿಯೆಂಬ ಬಾಲಕನ ಕಣ್ಣಿನ ಎತ್ತರದಿಂದ ಕಾಣುತ್ತವೆ. ಅವನಿಗೆ ಅರ್ಥವಾಗದುದನ್ನು ಕಾರ್ನಾಡರೂ ವಿವರಿಸಲು ಹೋಗುವುದಿಲ್ಲ. ಅದನ್ನು ಕಂಡ ಮೇಲೆ ತಕಾಹಾತಾನ 1988ರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ನೋಡು. ತನ್ನ ಸಾವಿನ ರಾತ್ರಿಯನ್ನು ತಾನೇ ಹೇಳಿಕೊಳ್ಳುವ ಸೆಯಿತಾ ಎಂಬ ಹುಡುಗನಿಂದ ಆ ಚಿತ್ರ ಮೊದಲಾಗುತ್ತದೆ. ಒಮ್ಮೆ ನೋಡಿದವರು ಕಟುವಾಗಿ ಮಾತಾಡುವ ಅತ್ತೆಯನ್ನು ಬೈದು ಏಳುತ್ತಾರೆ. ಇನ್ನೊಮ್ಮೆ ನೋಡಿದಾಗ, ಬ್ಯಾಂಕಿನಲ್ಲಿ ತಾಯಿಯ ಹಣವಿದ್ದೂ, ಒಂದು ಮಾತನ್ನು ನುಂಗಿಕೊಂಡಿದ್ದರೆ ತಲೆಯ ಮೇಲೆ ಸೂರು ಉಳಿಯುವಂತಿದ್ದೂ, ಪುಟ್ಟ ತಂಗಿಯನ್ನು ಕರೆದುಕೊಂಡು ಹೊರಬಿದ್ದ ಆ ಹುಡುಗನ ಅಭಿಮಾನ ಕಣ್ಣಿಗೆ ಬೀಳುತ್ತದೆ. ಚಿತ್ರದ ಒಂದು ಗೆರೆಯೂ ಈ ನಡುವೆ ಬದಲಾಗಿರುವುದಿಲ್ಲ.

ಕೊನೆಯದಾಗಿ, 2025ರ ಜನವರಿಯಲ್ಲಿ ನಮ್ಮ ದೇಶದ ಚಿತ್ರಮಂದಿರಗಳಿಗೆ ಮತ್ತೆ ಬಂದ, ಯೂಗೊ ಸಾಕೊ ಮತ್ತು ರಾಮಮೋಹನರ ಅನಿಮೆ ರಾಮಾಯಣ. ಅದರ ರಾಮನಿಗೆ ನಿನ್ನ ಗೆಳೆಯನೊಬ್ಬ ಬೆಳವಣಿಗೆಯ ಅಂಕಣದಲ್ಲಿ ಸೊನ್ನೆ ಬರೆದದ್ದನ್ನು ಕಂಡು ನಿನ್ನ ಅಜ್ಜಿ ಇನ್ನೂ ಸಿಟ್ಟಾಗಿದ್ದಾಳೆ. ನನಗೆ ಸಿಟ್ಟಿಲ್ಲ, ಆದರೆ ರಾಮನು ಕದಲದೆ ನಿಲ್ಲುವುದರಿಂದಲೇ ಸುತ್ತಲಿನವರ ಕದಲಿಕೆ ಅಳತೆಗೆ ಸಿಕ್ಕುತ್ತದೆಂಬುದನ್ನು ಆ ಗೆಳೆಯನಿಗೆ ಹೇಳು. ಆ ಕಥೆಯಲ್ಲಿಯೇ ಪರಿವರ್ತನೆ ಬೇಕೆಂದಿದ್ದರೆ, ನಮ್ಮ ನಾಗಚಂದ್ರನ ಪಂಪರಾಮಾಯಣದ ರಾವಣನನ್ನು ಅವನು ನೋಡಬೇಕು: ಸೀತೆಯ ಸ್ಥೈರ್ಯವನ್ನು ಕಂಡು ಮನಸ್ಸು ತಿರುಗಿದ ಮೇಲೂ, ಸೋತು ಒಪ್ಪಿಸಿದನೆಂಬ ಅಪವಾದಕ್ಕೆ ಅಂಜಿ, ಗೆದ್ದೇ ಹಿಂದಿರುಗಿಸುವೆನೆಂದು ರಣಕ್ಕೆ ನಡೆದವನು ಅವನು. ಅಂಥದೊಂದು ಪಾತ್ರ ಸುಮಾರು ಒಂಬತ್ತು ಶತಮಾನಗಳ ಹಿಂದೆಯೇ ಕನ್ನಡದಲ್ಲಿ ನಿರ್ಮಾಣವಾಗಿತ್ತು. ದಸರೆಯ ಸೂಟಿಗೆ ಬಂದಾಗ ‘ಕಾಡು’ ಕೂಡಿ ನೋಡೋಣ. ಪಂಪರಾಮಾಯಣದ ಆ ಭಾಗಕ್ಕೆ ಗುರುತು ಹಾಕಿಟ್ಟಿರುತ್ತೇನೆ. ಹಳಗನ್ನಡ ತೊಡಕಾದೀತೆಂದು ಅಂಜಬೇಡ, ನಾನೇ ಓದಿ ಹೇಳುವೆನು. ಆ ಗೆಳೆಯನನ್ನೂ ಜೊತೆಗೆ ಕರೆದುಕೊಂಡು ಬಾ. ಅಜ್ಜಿಯನ್ನು ನಾನು ಸಮಾಧಾನ ಮಾಡಿರುತ್ತೇನೆ.

ಇತಿ ಆಶೀರ್ವಾದಗಳು,
ನಿನ್ನ ಅಜ್ಜ