ಕರಡು ಪುಟಕ್ಕೆ ಸಂಕೋಚವೇಕೆ?

ತಾವು ಹೊಲಿದ ಕೌದಿ ಚೀಲಗಳನ್ನು ಎಲ್ಲರಿಗೂ ತೋರಿಸುವ ಓದುಗರೊಬ್ಬರಿಗೆ ಸ್ಕೆಚ್‌ಬುಕ್ ತೆರೆಯಲು ಮಾತ್ರ ಸಂಕೋಚವಂತೆ. ಗೆರೆ ಸೊಟ್ಟ, ಬಣ್ಣ ಹರಡಿದೆ ಎಂಬ ಅಳುಕು. ಅವರು ಧಾರಾಳವಾಗಿ ತೋರಿಸಲಿ.

ಹಳಿಯಾಳ, ಯಲ್ಲಾಪುರದ ಸಿದ್ದಿ ಮಹಿಳೆಯರು ಹಳೆ ಸೀರೆ, ಅಂಗಿಯ ತುಂಡುಗಳನ್ನು ಒಂದೊಂದಾಗಿ ಜೋಡಿಸುತ್ತ, ಕೌದಿಯನ್ನು ಅಂಚಿನಿಂದ ಒಳಕ್ಕೆ ಹೊಲಿಯುತ್ತಾರೆ. ಮೂಲೆಗಳಿಗೆ ‘ಫುಲಾ’ ಎಂಬ ಮಡಿಸಿದ ತ್ರಿಕೋನ ಕೂರಿಸುತ್ತಾರೆ. ವಿನ್ಯಾಸ ಬೆಳೆಯುವುದು ಕೈಯಲ್ಲೇ. ನೋಡುವವರನ್ನು ಹಿಡಿದು ನಿಲ್ಲಿಸುವುದೂ ಆ ಬೆಳವಣಿಗೆಯೇ.

ಹಾಗಾಗಿ ಚೀಲದ ಪಕ್ಕದಲ್ಲೇ ಅದರ ಮೊದಲ ಚಿತ್ರವೂ ಇರಲಿ, ಬೇಡವೆಂದು ಬಿಟ್ಟ ಬಟ್ಟೆಯ ಚೂರೂ ಪುಟದಲ್ಲಿ ಅಂಟಿರಲಿ. ಹಿಡಿಕೆ ಸೇರುವ ಜಾಗವನ್ನು ಹತ್ತಿರದಿಂದ ತೋರಿಸಿದರೆ ಇನ್ನೂ ಚೆನ್ನ: ಭಾರವೆಲ್ಲ ಬೀಳುವುದು ಅಲ್ಲೇ. ಚೌಕವಾಗಿ ಹೊಲಿದು, ನಡುವೆ ಮೂಲೆಯಿಂದ ಮೂಲೆಗೆ ಎರಡು ಸಾಲು ಹಾಕಿದರೆ ಬೇಗ ಕಿತ್ತುಬರದು. ಖಾಸಗಿ ಟಿಪ್ಪಣಿಗಳಿರುವ ಪುಟಗಳು ಮಾತ್ರ ಅವರ ಬಳಿಯೇ ಉಳಿಯಲಿ.