ಚಿತ್ರಕಾರನ ಮೊದಲ ವರ್ಷಗಳು

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯ ವಿದ್ಯಾರ್ಥಿಯೊಬ್ಬನು ಚಿತ್ರಕಲೆಯನ್ನೇ ವೃತ್ತಿಯಾಗಿ ಕೈಗೊಳ್ಳುವೆನೆಂದಾಗ ಮನೆಯ ಹಿರಿಯರು ಮೊದಲು ಎತ್ತುವುದು ಹೊಟ್ಟೆಪಾಡಿನ ಮಾತನ್ನು. ಆ ಮಾತು ಅಸಂಗತವೇನೂ ಅಲ್ಲ. ಉಡುಪಿಗೆ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಇದಕ್ಕೆ ಕಂಡುಕೊಂಡ ಉತ್ತರವು ಗಮನಾರ್ಹವಾದುದು. ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ಡಿಪ್ಲೊಮಾ ಪಡೆದ ಅವರು 1940ರ ದಶಕದ ಪೂರ್ವಾರ್ಧದಲ್ಲಿ ಅಲ್ಲಿಯೇ ಅಧ್ಯಾಪಕರಾಗಿದ್ದರು. ಸಂಬಳವು ಅನ್ನಕ್ಕಾಯಿತು, ಮಿಕ್ಕ ಹೊತ್ತು ಸ್ವಂತ ರೇಖೆಯ ಶೋಧಕ್ಕೆ ಮೀಸಲಾಯಿತು. ಶಾಲೆಯಲ್ಲಿ ಕಲಿತ ಪಾಶ್ಚಾತ್ಯ ಪದ್ಧತಿಯೊಂದರಲ್ಲೇ ತೃಪ್ತಿ ಕಾಣದೆ ಅವರು ಜೈನ ಹಸ್ತಪ್ರತಿಗಳ ಕಿರುಚಿತ್ರಗಳನ್ನೂ ಅಜಂತೆಯ ಭಿತ್ತಿಚಿತ್ರಗಳನ್ನೂ ಅಭ್ಯಸಿಸಿದರು. 1949-50ರ ಪ್ಯಾರಿಸ್ ವ್ಯಾಸಂಗವು ಆಮೇಲಿನದು.

ಮೂಡುಬಿದಿರೆಯ ಧವಲಾ ತಾಳೆಗರಿಗಳಲ್ಲಿಯೂ 12ನೆಯ ಶತಮಾನದ ವರ್ಣಚಿತ್ರಗಳಿವೆ. ಈ ಸೀಮೆಯ ಎಷ್ಟು ಮಂದಿ ವಿದ್ಯಾರ್ಥಿಗಳು ಅವುಗಳ ಪ್ರತಿಕೃತಿಯನ್ನಾದರೂ ಕಂಡಿರುವರೋ! ಅಧ್ಯಾಪಕರು ಅದನ್ನು ತೋರಿಸಬಲ್ಲರು. ಇನ್ನು ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಹೊಸ ಚಿತ್ರಕಾರನಿಗೆ ಶಾಲು, ಹಾರಗಳಿಗಿಂತ ಮೊದಲು ಕೊಡಬೇಕಾದುದು ಕೆಲಸವನ್ನು: ಸಭಾಭವನದ ಒಂದು ಗೋಡೆ, ವಾರ್ಷಿಕ ಸಂಚಿಕೆಯ ಮುಖಪುಟ, ಮತ್ತು ಅವಕ್ಕೆ ಮುಂಚಿತವಾಗಿಯೇ ನಿಶ್ಚಯಿಸಿದ ಸಂಭಾವನೆ.